ಆರು ಸೆಕೆಂಡು

ಈ ಪೈಪು ಬಾಯಾಗ ಹಿಡೀರಿ, ತುಟಿ ಬಿಗೀರಿ,
ಎದಿ ತುಂಬ ಎಳಕೊಂಡು ಒಮ್ಮೆಲೇ ಊದ್ರಿ.
ಊದ್ರಿ, ಊದ್ರಿ, ನಿಲ್ಲಿಸಬ್ಯಾಡ್ರಿ,
ಆರು ಸೆಕೆಂಡು. ಅಷ್ಟೇ ಕೇಳೂದು ಮಷೀನು.

ಶಹಾಬಾದದ ಮಡ್ಡಿ ಮ್ಯಾಲ ಹನ್ನೊಂದು ಓಣಿ ಮುಗಿಸೀನಿ.
ಕಾಲಡಿ ಫರ್ಸಿ, ಗ್ವಾಡಿ ಫರ್ಸಿ, ಮಾಳಿಗಿಗೂ ಫರ್ಸಿ,
ಕೆಮ್ಮಿದರ ಬೀಳೂದೂ ಅದೇ ಬಣ್ಣದ್ದು.
ಫಾರ್ಮಿನೊಳಗ ಏಳನೇ ಪ್ರಶ್ನಿ:
ದಿನಕ್ಕ ಎಷ್ಟು? ಎಷ್ಟು ವರ್ಷದಿಂದ?
ಯಾರೂ ಅಂಕಿಯೊಳಗ ಹೇಳಂಗಿಲ್ಲ.
"ಒಂದು ಕಟ್ಟು, ಪಗಾರದ ದಿನ ಎರಡು."
"ದೊಡ್ಡಾಕಿ ತೊಟ್ಟಿಲದಾಗ ಇದ್ದಾಗಿಂದ."
"ಖಣಿಯೊಳಗ ನೀರು ಹೊಕ್ಕ ವರ್ಷದಿಂದ, ನೀವಿನ್ನಾ ಹುಟ್ಟಿದ್ದಿಲ್ಲ."
"ಬಿಟ್ಟೀನ್ರಿ" ಅಂದ ಭೀಮಶಾ,
ಕಿವಿ ಹಿಂದ ಅರ್ಧ ಬೀಡಿ ಸಿಗಿಸಿಕೊಂಡು.
ನಾನು ಬರೀತೀನಿ: ಇಪ್ಪತ್ತು. ನಲವತ್ತು. ಬಿಟ್ಟವರು.

ಕಾಶಿಬಾಯಿ ಒಂದೂ ಸೇದಿದಾಕಿ ಅಲ್ಲ.
ತೊಗರಿ ಕಟ್ಟಿಗಿ ಒಲಿ ಮುಂದ ಕುಂತು
ಊದುಗೊಳವಿ ಊದಿ ಊದಿ
ಎರಡು ತಲಿ ಮಂದಿಗೆ ರೊಟ್ಟಿ ಸುಟ್ಟಾಕಿ.
ಪೈಪು ಕಂಡು ನಕ್ಕಳು:
"ಇದು ನನಗ ಕಲಿಸಬ್ಯಾಡವ್ವ, ಬರ್ತದ."
ಎರಡನೇ ಸೆಕೆಂಡಿಗೆ ಗೆರಿ ಮಕಾಡೆ ಬಿತ್ತು.
ಜಿಲ್ಲಾ ಆಫೀಸಿನ ಹಾಳ್ಯಾಗ ಆಕಿ ಹೋಗೂದು
'ಸೇದದವರು' ಅನ್ನೂ ಸಾಲಿಗೆ,
ಗಟ್ಟಿ ಎದಿಯವರ ಮಗ್ಗಲಿಗೆ ಕುಂತು ಅವರ ಸರಾಸರಿ ಕೆಡಸ್ತಾಳ.
ಸಾಹೇಬರ ಫೋನು ಬರ್ತದ:
"ಇದು ತಪ್ಪಿರಬೇಕು, ಮತ್ತೊಮ್ಮೆ ಊದಿಸು."

ಐದು ವರ್ಷದ ಹಿಂದ ಇದೇ ಓಣಿ ಅಳದಿದ್ದೆ.
ಬೀಡಿ ಗೆರಿ ಈಗ ಇಳದದ, ಹುಡುಗರ ಜೇಬಿನಾಗ ಗುಟ್ಕಾ ಚೀಟಿ.
ದಮ್ಮಿನ ಗೆರಿ ಮಾತ್ರ ಏರಿ ಕುಂತದ.
ಎರಡೂ ಒಂದನ್ನೊಂದು ದಾಟಿ ಹೋಗ್ಯಾವ
ಜಗಳಾಡಿದ ಬೀಗರು ಸಂತ್ಯಾಗ ದಾಟಿಧಾಂಗ.
ಅಂಗಡಿ ಮುಚ್ಚಿದರೂ ಖಾತೆ ಮುಚ್ಚಂಗಿಲ್ಲ,
ಎದಿ ಬರದಿಟ್ಟಿರ್ತದ.

ಲಾಡ್ಲೇಸಾಬನ ಕಿವಿ ಸುರಂಗ ಹಾರಿಸಿ ಹಾರಿಸಿ ಮಂದ.
"ಊದ್ರಿ" ಅಂದ್ರ "ಉದ್ರಿ" ಅಂತ ಕೇಳ್ತು.
"ಉದ್ರಿ ಏನೂ ಉಳದಿಲ್ಲವ್ವ, ನಿಮ್ಮಪ್ಪಂದು ಪೈಸಾ ಪೈಸಾ ಮುಟ್ಟಸೀನಿ.
ಟೇಶನ್ ಮುಂದಿನ ಪಾನಡಬ್ಬಿ
ನಾಗಿಂದ್ರಪ್ಪನ ಮಗಳಲ್ಲೇನು ನೀ?
ಸ್ಟೂಲಿನ ಮ್ಯಾಲ ನಿಂತು ಬೀಡಿ ಎಣಸಿ ಕೊಡ್ತಿದ್ದಿ,
ಯಾವಾಗಲೂ ಒಂದು ಹೆಚ್ಚಿಗಿ."

ಹೌದು.
ಡಬ್ಬಿಯ ಮೊಳಿಗೆ ಕಾಥಿ ಹಗ್ಗ ನೇತಾಡ್ತಿತ್ತು,
ತುದಿಗೆ ದಿನಾಪೂರ್ತಿ ಸಣ್ಣ ಕೆಂಡ.
ಪಾಳಿ ಬಿಟ್ಟ ಮಂದಿ ಒಬ್ಬೊಬ್ಬರೇ ಬಗ್ಗಿ,
ಗಲ್ಲ ಒಳಗ ಎಳದು,
ಹಚ್ಚಿಕೊಂಡು ಕತ್ತಲಾಗ ಹೋಗ್ತಿದ್ದರು.
ಕೆಂಡ ಆರಿದರ ಊದಿ ಹೊತ್ತಿಸೂ ಕೆಲಸ ನಂದು.
ನನ್ನ ಸಾಲಿ ಫೀಸು, ಡಿಪ್ಲೊಮಾ, ಈ ಬಿಳಿ ಕೋಟು,
ಎಲ್ಲಾ ಆ ಹಗ್ಗಕ್ಕ ಕಟ್ಟಿದ್ದು.
ಫಾರ್ಮಿನೊಳಗ ಕಡೀಕ ಒಂದು ಖಾಲಿ ಜಾಗ, 'ಇತರೆ'.
ಮಾರಿದವರು ಯಾರು ಅಂತ ಎಲ್ಲೂ ಕೇಳಿಲ್ಲ.

ಲಾಡ್ಲೇಸಾಬ ಪೈಪು ತುಟಿಗಿಟ್ಟ,
ಕಣ್ಣು ಅರ್ಧ ಮುಚ್ಚಿ, ಗಲ್ಲ ಒಳಗ ಎಳದ.
"ಎಳಿಯೂದಲ್ಲ ಕಾಕಾ, ಬಿಡೂದು."
"ಬಿಡೂದು ಯಾರು ಕಲಿಸ್ಯಾರ ನನಗ?"

ಸಿಮೆಂಟಿನ ಗೂಡ್ಸು ಗಾಡಿ ಹಾಯ್ದು ಹೊಂಟಿತ್ತು,
ಅದರ ಸಪ್ಪಳದಾಗ ಅವನ ಎದಿ ಗೊರಗೊರ ಮುಚ್ಚಿತ್ತು.
ಗಾಡಿ ಮುಗೀತು. ಗೊರಗೊರ ಉಳೀತು.
ಮೂರು ಸಲ ಊದಿಸಬೇಕು, ಅದು ನಿಯಮ.
ಮೂರೂ ಮುಗಿಸಿ, ಗ್ವಾಡಿ ಹಿಡಿದು, ಉಸಿರು ಹುಡುಕಿ,
ನನ್ನ ಮಾರಿ ನೋಡಿ ಅಂದ:
"ತಗೋ, ಇನ್ನೊಂದು ಊದ್ತೀನಿ.
ಹೆಚ್ಚಿಗಿ."

ಬಟನ್ ಒತ್ತಿದೆ.
ಒಂದು.