ಬಾಟಲಿ ಹಿಡಿದವನು

ಒಂಬತ್ತು ವರ್ಷ
ಅಕ್ಕನ ಬಾಯಾರಿಕೆಯೇ ನನ್ನ ಕಸುಬು.
ಅವಳು ಓಡುತ್ತಾಳೆ, ನಾನು ಸೈಕಲ್ಲು ತುಳಿಯುತ್ತೇನೆ,
ಹ್ಯಾಂಡಲ್ಲಿಗೆ ಕಟ್ಟಿದ ಚೀಲದಲ್ಲಿ ನಾಲ್ಕು ಬಾಟಲಿ
ಕುಲುಕಿ ಕುಲುಕಿ ಹೇಳುತ್ತವೆ: ಇನ್ನೂ ಇದ್ದೇವೆ.

ಯಾವಾಗ ಕೊಡಬೇಕೆಂದು ಯಾರೂ ಕಲಿಸಲಿಲ್ಲ.
ಎಡಹೆಜ್ಜೆ ತುಸು ಸದ್ದು ಮಾಡಿದರೆ ಎರಡು ಗುಟುಕು.
ನನ್ನನ್ನು ಬೈಯುವುದು ನಿಂತುಹೋದರೆ ಅರ್ಧ ಬಾಟಲಿ.
ಕಪ್ಪು ಬನಿಯನ್ನಿನ ಬೆನ್ನ ಮೇಲೆ ಉಪ್ಪು ಒಣಗಿ
ಕೊಲ್ಲಿ, ದಡ, ಎರಡು ದ್ವೀಪ
ಒಂದು ಭೂಪಟವೇ ಬಿಳಿಯಾಗಿ ಮೂಡಿತೋ,
ಅವತ್ತು ಅಮ್ಮನ ಸಾರಿಗೆ
ಇನ್ನೊಂದು ಚಿಟಿಕೆ.

ಈ ವರ್ಷ ಲಿಯೋನಿನಿಂದ ಸೋಲೆನ್ ಬಂದಳು
ಪೆಟ್ಟಿಗೆಯ ತುಂಬ ಪಟ್ಟಿಗಳನ್ನು ಹೊತ್ತು.
ಕೂಸಿನ ಅಂಗೈಯಷ್ಟಗಲ,
ಗಾಯವಿಲ್ಲದ ಜಾಗಕ್ಕೆ ಅಂಟಿಸುವ ಪಟ್ಟಿ.
ಒಳಗೆ ಕೂದಲೆಳೆಯಂಥ ಕಾಲುವೆ,
ಬೆವರು ಅದರಲ್ಲಿ ಹರಿದು ನೇರಳೆಯಾಗಿ
ನನ್ನ ಫೋನಿಗೆ ಬಂದು ಅಂಕಿಯಾಗುತ್ತದೆ:
ಗಂಟೆಗೆ ಸಾವಿರದ ನೂರ ನಲವತ್ತು ಮಿಲಿಲೀಟರು.
ಸೋಡಿಯಂ ಜಾಸ್ತಿ.
"ಹಸ್ನಾ ತುಂಬ ಉಪ್ಪಿನವಳು" ಎಂದಳು ಸೋಲೆನ್,
ಕಾಯಿಲೆಯೇನಲ್ಲ, ಬರೀ ಲೆಕ್ಕ, ಎಂದಳು.
ಅಸ್ಸಾಲ್ ಸರೋವರದಿಂದ ಒಂಟೆಯ ಮೇಲೆ
ಹರೆಯವಿಡೀ ಉಪ್ಪು ಸಾಗಿಸಿದ ಅಜ್ಜ
ಚಾಪೆಯಿಂದಲೇ ನಕ್ಕ:
"ಉಪ್ಪು ತಿಂದವರು ನೀರು ಕುಡೀತಾರೆ.
ಇಷ್ಟು ಹೇಳೋಕೆ ಸಮುದ್ರ ದಾಟಿ ಬರಬೇಕಿತ್ತೇ?"

ಆದರೆ ಸುಳ್ಳಾಡಬಾರದು.
ಫೋನು ಹೇಳಿದಾಗ, ಹೇಳಿದಷ್ಟು ಕೊಟ್ಟೆ.
ಹದಿನೆಂಟನೆಯ ಕಿಲೋಮೀಟರಿನಲ್ಲಿ
ಪ್ರತಿ ಸಲ ಕಾದು ಕೂತಿರುತ್ತಿದ್ದ ಮೀನಖಂಡದ ಸೆಳೆತ
ಈ ಸಲ ಬರಲಿಲ್ಲ.
ಹಾಗಾದರೆ ಒಂಬತ್ತು ವರ್ಷ
ನಾನು ಕೊಟ್ಟದ್ದು ಅರ್ಧ ನೀರು.
ಇದನ್ನು ಯಾರಿಗೂ ಹೇಳಿಲ್ಲ.

ಆಮೇಲೆ ರಂಜಾನ್.
ಈ ತಿಂಗಳು ಬಿಡು, ಮುಂದೆ ತೀರಿಸಿದರಾಯಿತು
ಎಂದರು ಕೋಚ್ ರೋಬ್ಲೆ.
ಅಕ್ಕ ಬೂಟಿನ ಲೇಸು ಕಟ್ಟಿಕೊಂಡಳು. ಅದೇ ಉತ್ತರ.
ಹೊತ್ತು ಮುಳುಗಲು ಮುಕ್ಕಾಲು ಗಂಟೆಯಿತ್ತು,
ಅಂಬೂಲಿಯ ಒಣಹೊಳೆ ದಾಟಿ ದಕ್ಷಿಣಕ್ಕೆ ಹೊರಟೆವು.
ಫೋನು ಕೂಗಿತು: ಇನ್ನೂರು ಬಾಕಿ.
ಮತ್ತೆ ಕೂಗಿತು: ಮುನ್ನೂರ ಎಂಬತ್ತು.
ಬಾಟಲಿಗಳು ಕಂಠಮಟ್ಟ ತುಂಬಿ
ಕುಲುಕುವುದನ್ನೂ ಬಿಟ್ಟಿದ್ದವು.

ಗೊತ್ತಿಲ್ಲದಿದ್ದಾಗ ನೀರು ಬರೀ ನೀರಾಗಿತ್ತು.
ಈಗ ಅವಳಲ್ಲಿ ಎಷ್ಟು ಕಡಿಮೆಯೆಂದು
ಹನಿಯ ಲೆಕ್ಕದಲ್ಲಿ ಬಲ್ಲವನು ನಾನೊಬ್ಬ.
ಅವಳಿಗೂ ಗೊತ್ತಿಲ್ಲ.

ಸದ್ದು ಅಡಗಿಸಿದೆ.
ಬೇರೇನು ಮಾಡಲಿ, ಪಡುವಣದ ಮಗ್ಗುಲಿಗೆ ಸರಿದೆ.
ಸೈಕಲ್ಲಿನ, ನನ್ನ, ನಾಲ್ಕು ಬಾಟಲಿಗಳ ನೆರಳು
ಉದ್ದಕ್ಕೆ ಬಿದ್ದು ಅವಳ ಹೆಗಲನ್ನು ಮುಚ್ಚುವ ಹಾಗೆ
ಹೆಜ್ಜೆಗೆ ಹೆಜ್ಜೆ ತುಳಿದೆ.
ಅವಳು ತಿರುಗಿ ನೋಡಲಿಲ್ಲ.
ಒಮ್ಮೆ ನಾನು ಹಿಂದೆ ಬಿದ್ದು ಬಿಸಿಲು ತಾಗಿತು ನೋಡಿ,
ಬೈದಳು.
ಬೈಗುಳವಿದೆ, ಅಂದರೆ ತ್ರಾಣವಿದೆ.

ಮಗ್ರಿಬ್ ಕೂಗಿಗೆ ರಸ್ತೆಯ ಅಂಚಿನಲ್ಲೇ ಕೂತೆವು.
ಒಂದು ಖರ್ಜೂರ. ಮೂರು ಗುಟುಕು.
ಮಿಕ್ಕ ಬಾಕಿಯನ್ನು ಗಂಟಲು
ಮಾತಿಲ್ಲದೆ ತೀರಿಸಿತು.

ಮಾರನೆಯ ದಿನ ಪೆಟ್ಟಿಗೆಯಿಂದ ಒಂದು ಪಟ್ಟಿ ಕದ್ದು
ನನ್ನ ತೋಳಿಗೇ ಅಂಟಿಸಿಕೊಂಡೆ, ಸುಮ್ಮನೆ.
ಸಂಜೆ ನೋಡಿದರೆ
ನನ್ನ ಬೆವರು ಅವಳದಕ್ಕಿಂತ ಉಪ್ಪು.
ಅಕ್ಕ ಫೋನು ಕಸಿದುಕೊಂಡು ಓದಿದಳು,
ಬಹಳ ಹೊತ್ತು ಓದಿದಳು,
ಅದರಲ್ಲಿ ಇದ್ದದ್ದು ಮೂರೇ ಅಂಕಿ.

ಇವತ್ತು ಚೀಲದಲ್ಲಿ ಐದು ಬಾಟಲಿ.
ಐದನೆಯದರ ಮೇಲೆ ಅವಳ ಓರೆ ಅಕ್ಷರದಲ್ಲಿ: ಇದ್ರಿಸ್.
ಮುಚ್ಚಳವನ್ನು ಎಷ್ಟು ಬಿಗಿಯಾಗಿ ತಿರುಗಿಸಿದ್ದಾಳೆಂದರೆ
ಸೂರ್ಯ ಮುಳುಗುವ ತನಕ
ನನ್ನ ಕೈಗೆ ಬಿಚ್ಚಲಾಗದು.