ಐದು ಗ್ರಾಂ

ನನ್ನ ಕೆಲಸ ತೂಕ.
ಹಾಸನದ ಎಪಿಎಂಸಿಯಲ್ಲಿ ಆಲೂಗೆಡ್ಡೆ ಹಂಗಾಮು ಬಂತೆಂದರೆ
ದಿನಕ್ಕೆ ಆರುನೂರು ಚೀಲ ನನ್ನ ಕಣ್ಣೆದುರು ಕಾಟಾ ಹತ್ತಿ ಇಳಿಯುತ್ತವೆ.
ಮಣ್ಣಿಗಿಷ್ಟು, ಗೋಣಿಗಿಷ್ಟು, ಕೊಳೆತದ್ದಕ್ಕಿಷ್ಟು
ಸೂಟು ಕಳೆದು ಉಳಿದದ್ದನ್ನು ಕೂಗುತ್ತೇನೆ.
ಕೂಗಿದ ಮೇಲೆ ಅದು ಸತ್ಯ.
ಐವತ್ತು ಗ್ರಾಮಿನ ಕೆಳಗೆ
ನನ್ನ ಯಂತ್ರ ಕಣ್ಣೇ ಬಿಡುವುದಿಲ್ಲ.

ಮಗಳು ಹುಟ್ಟಿದಾಗ ಎರಡು ಕಿಲೋ ಏಳುನೂರು.
ದೊಡ್ಡಾಸ್ಪತ್ರೆಯಲ್ಲಿ ಹದಿನೇಳು ಗಂಟೆ ಕಾದು
ಕೊನೆಗೆ ತಲೆಗೆ ಬಟ್ಟಲು ಕಚ್ಚಿಸಿ ಎಳೆದುಕೊಂಡರು.
ನೆತ್ತಿಯ ಹಿಂದೆ ಊದಿದ ಉಂಗುರ,
ಮೇಜಿನ ಮೇಲೆ ಯಾರೋ ಬಿಸಿ ಲೋಟ ಇಟ್ಟು ಮರೆತ ಹಾಗೆ.
ಕಿತ್ತ ದಿನದ ಗೆಡ್ಡೆ ನೋಡಿದ್ದೀರಾ?
ಹೆಬ್ಬೆಟ್ಟು ತಾಗಿದರೆ ಸಿಪ್ಪೆ ಜಾರುತ್ತೆ.
ಎತ್ತಿಕೊಳ್ಳಲು ನನಗೆ ಹೆದರಿಕೆ.

ಅವಳ ಕತ್ತು ಒಂದೇ ಕಡೆಗೆ.
ಎಡಗಡೆ ಕುಡಿದವಳು ಬಲಗಡೆಗೆ ಬಾಯೇ ಹಾಕಳು.
ದೀಪ ಹಚ್ಚುವ ಹೊತ್ತಿಗೆ ಶುರುವಾದ ಅಳು
ರಾತ್ರಿಯ ಕೊನೆ ರೈಲು ಗೇಟು ದಾಟಿದರೂ ನಿಲ್ಲದು.
ತನುಜ ಗೋಡೆಗೊರಗಿ ಕೂತೇ ನಿದ್ದೆ ಹೋಗುತ್ತಾಳೆ,
ಒಂದು ಎದೆಯಲ್ಲಿ ಹಾಲು ಕಟ್ಟಿ ಕಲ್ಲು.

ಮಗುವಿಗೆ ಎರೆಯುವ ದ್ಯಾವಮ್ಮ ಕಾಲು ಚಾಚಿ
ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ,
'ಬುಂಡೆ ಇನ್ನೂ ಹಸಿ ಮಡಕೆ ಕಣಪ್ಪ, ನಾನು ತಿದ್ದುತೀನಿ.'
ಅವಳು ತಿದ್ದಿದ ತಲೆಗಳು ನಮ್ಮ ಬೀದಿ ತುಂಬ
ಹೆಲ್ಮೆಟ್ಟಿಲ್ಲದೆ ಓಡಾಡುತ್ತಿವೆ.
'ಬರೀ ಮುಟ್ಟೋಕೆ ಐನೂರು ರೂಪಾಯಾ?' ಎಂದಳು,
ನಾವು ಸಾಲಗಾಮೆ ರಸ್ತೆಗೆ ಹೊರಟಾಗ.

ಟೈಲರ್ ಅಂಗಡಿಯ ಮೇಲೊಂದು ಕೋಣೆ.
ಬೋರ್ಡಿನಲ್ಲಿ ಕ್ರೇನಿಯೋಸೇಕ್ರಲ್ ಎಂದು
ಓದಿ ಮುಗಿಸುವಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು.
ಅಪೊಲಿನ್ ಮೇಡಂ ಮೊದಲು ಕೇಳಿದ್ದು
ಮಕ್ಕಳ ಡಾಕ್ಟರ ಚೀಟಿ.
ಆಮೇಲೆ ಎರಡು ರೂಪಾಯಿಯ ನಾಣ್ಯ ನನ್ನ ಅಂಗೈಗಿಟ್ಟು
'ಇಷ್ಟೇ ಭಾರ. ಐದು ಗ್ರಾಂ.
ಇದಕ್ಕಿಂತ ಹೆಚ್ಚು ನಾನು ಒತ್ತೋದಿಲ್ಲ.'
(ಮರುದಿನ ಅಕ್ಕಸಾಲಿಯ ತಕ್ಕಡಿಯಲ್ಲಿ ನೋಡಿದೆ:
ನಾಲ್ಕು ಪಾಯಿಂಟ್ ಎಂಬತ್ತೈದು.
ನಡೆಯುತ್ತೆ.)

ಒಂದು ಕೈ ಬೆನ್ನಿನ ಬುಡಕ್ಕೆ, ಒಂದು ಕೈ ತಲೆಯಡಿಗೆ.
ಕೆಳಗೆ ಹೊಲಿಗೆ ಯಂತ್ರ ಓಡಿತು, ನಿಂತಿತು, ಓಡಿತು.
ಮೂರು ಸಲ ಗಡಿಯಾರ ನೋಡಿದೆ.
ಏನೂ ನಡೆಯಲಿಲ್ಲ.
ಏನೂ ನಡೆಯದಿರುವುದು ಇಷ್ಟು ಹೊತ್ತು ನಡೆದದ್ದನ್ನು
ನಾನು ಹಿಂದೆಂದೂ ಕಂಡಿರಲಿಲ್ಲ.
'ಒಳಗೊಂದು ಉಬ್ಬರವಿದೆ, ಬಹಳ ನಿಧಾನ' ಎಂದರು.
ಅದು ನನಗೆ ಗೊತ್ತಾಗ್ತಿಲ್ಲ ಎಂದೆ.
'ಕೆಲವು ದಿನ ನನಗೂ ಗೊತ್ತಾಗೋದಿಲ್ಲ.'

ನಂತರ ನನ್ನ ಕೈ ಎಳೆದುಕೊಂಡು ಮಗುವಿನ ತಲೆಯಡಿಗೆ ತಂದು
'ಹಿಡೀಬೇಡಿ. ಇಡಿ.'

ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ.
ಹಾಲು ಆಲು, ಹಾಸನ ಆಸನ,
ಹಿಡಿ ಅಂದರೂ ಇಡಿ, ಇಡಿ ಅಂದರೂ ಇಡಿ.
ಮೂವತ್ತೆರಡು ವರ್ಷ
ಅವೆರಡು ಬೇರೆ ಎಂದು ತಿಳಿಯದೆ
ಚೀಲದ ಕಿವಿ, ಬೀಡಿ, ಹೆಂಡತಿಯ ರಟ್ಟೆ
ಎಲ್ಲವನ್ನೂ ಹಿಡಿದೇ ಇದ್ದೆ.
ಇಟ್ಟೆ.
ಅಂಗೈಯಲ್ಲಿ ಅವಳ ತಲೆ ಒಂದಿಷ್ಟು ಭಾರವಾಯಿತು,
ನನ್ನನ್ನು ನಂಬಿದಷ್ಟು.
ಮೇಲೆ ನೆತ್ತಿ ತುಪುಕ್ ತುಪುಕ್ ಮಿಡಿಯುತ್ತಿತ್ತು,
ಇನ್ನೂ ಬಾಗಿಲು ಹಾಕಿರದ ಮನೆಯ ಪರದೆ.

ಆ ರಾತ್ರಿಯೂ ಅತ್ತಳು. ಮರುರಾತ್ರಿಯೂ.
ನಾಲ್ಕನೇ ವಾರ ಬಲಗಡೆಗೆ ತಿರುಗಿ
ಬಾಯಿ ಹಾಕಿದಳು. ತನುಜ ಕೂಗಿಕೊಂಡಳು, ನಕ್ಕಳು.
ಡಾಕ್ಟರೆಂದರು: ಕತ್ತಿನ ವ್ಯಾಯಾಮ, ಜೊತೆಗೆ ವಯಸ್ಸು.
ದ್ಯಾವಮ್ಮನೆಂದಳು: ಹರಳೆಣ್ಣೆ.
ಅಪೊಲಿನ್ ಮೇಡಂ ಏನೂ ಅನ್ನದೆ ರಸೀದಿ ಬರೆದರು.
ಯಾರ ಪಾಲು ಎಷ್ಟೆಂದು
ನಾನು ಕಾಟಾಕ್ಕೆ ಹಾಕಲಿಲ್ಲ.

ಇವತ್ತು ಮಧ್ಯಾಹ್ನ ಲಾರಿ ಬರುವ ಮುನ್ನ
ಖಾಲಿ ಯಂತ್ರದ ಮೇಲೆ ಅಂಗೈ ಇಟ್ಟೆ.
ಕೆಂಪು ಸೊನ್ನೆಗಳು ಕದಲಲಿಲ್ಲ.
'ಏನಣ್ಣ, ಕೆಟ್ಟೋಯ್ತಾ?' ಅಂದ ಹಮಾಲಿ ಮುನೀರ.
ಇಲ್ಲ ಕಣೋ, ಅಂದೆ.
ಸರಿಯಾಗೈತೆ.