ಚಕ್ಕುಬಂದಿ

ಮದ್ದೂರಿನ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಗೆಮರದ ಬುಡದಲ್ಲಿ ನನ್ನ ಮೇಜು.
ಒಂದು ಕಾಲು ಗಿಡ್ಡ, ಅದರಡಿ ಹಳೇ ಛಾಪಾಕಾಗದದ ಮಡಿಕೆ.
ಮೂವತ್ತೊಂದು ವರ್ಷ ಪತ್ರ ಬರೆದಿದ್ದೇನೆ
ಕ್ರಯ, ದಾನ, ಭೋಗ್ಯ, ವಿಭಾಗ, ಹಕ್ಕು ಬಿಡುಗಡೆ.
ಭೂಮಿ ಅಂದರೆ ನನಗೆ ನಾಲ್ಕೇ ಮಾತು:
ಪೂರ್ವಕ್ಕೆ ದ್ಯಾವಯ್ಯನ ಗದ್ದೆ, ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಉಳಿಕೆ ಜಮೀನು,
ಈ ಮಧ್ಯೆ ಇರುವ ಸ್ವತ್ತು.

ಈ ವಾರ ಯಾರಿಗೂ ಕ್ರಯಪತ್ರ ಬೇಡ.
ಲೋಕಸಭೆಗೆ ಹೊಸದೊಂದು ಕ್ಷೇತ್ರವಂತೆ.
ಎಲ್ಲರ ಕೈಲೂ ನಕ್ಷೆ, ಜೆರಾಕ್ಸಿನ ಜೆರಾಕ್ಸು;
ಶಿಂಷೆ ಯಾವುದು, ಗಡಿ ಯಾವುದು,
ಕಾಗದ ಮಡಿಸಿದ ಗೆರೆ ಯಾವುದು, ಗೊತ್ತಾಗದು.
ಆಕ್ಷೇಪಣೆಗೆ ಹದಿನೈದು ದಿನ. ಏಳು ಕಳೆದಿವೆ.

ಆಲೆಮನೆ ಬೋರಲಿಂಗು ಬಂದ:
"ಕ್ಷೇತ್ರ ಆಗ್ಲಿ, ಹೆಸ್ರು ಮಾತ್ರ ನಮ್ಮೂರ್ದೇ ಇರ್ಲಿ, ಬರಿ."
ಆಚೆ ಹೋಬಳಿಯವರು ಬಂದರು:
"ಅವನೂರ್ದು ಬ್ಯಾಡ, ಅದ್ನ ಬರಿ."
ನೀಲಿ ಶಾಯಿಯಲ್ಲಿ ಅವನದು, ಕಪ್ಪಿನಲ್ಲಿ ಇವರದು,
ಎರಡಕ್ಕೂ ತಲಾ ಎಂಬತ್ತು ರೂಪಾಯಿ.
ವಕೀಲ ಚನ್ನಕೇಶವಯ್ಯನಿಗೆ ಲೆಕ್ಕ ಗೊತ್ತು,
ಯಾವ ದಡಕ್ಕೆ ಯಾವ ಜಾತಿ ಎಷ್ಟು ಸಾವಿರ;
ತೊಡೆಯ ಮೇಲೆ ಬೆರಳಲ್ಲಿ ಕೂಡುತ್ತಾನೆ,
ಬಾಯಲ್ಲಿ ಮಾತ್ರ "ಅಭಿವೃದ್ಧಿ" ಅನ್ನುತ್ತಾನೆ.
ನಾನೂ ಅದನ್ನೇ ಬರೆದೆ.
ಟೀ ತಂದ ಹುಡುಗ ನಕ್ಷೆಗೆ ಬಗ್ಗಿ ಕೇಳಿದ,
ಬೆಳ್ಳೂರಿನ ಕೊಕ್ಕರೆಗಳು ಯಾವ ಕಡೆಗಣ್ಣಾ?
ಯಾರೂ ಉತ್ತರ ಕೊಡಲಿಲ್ಲ. ನಕ್ಷೆ ಮೇಲೆ ಲೋಟ ಇಟ್ಟು ಹೋದ.

ನನ್ನ ಕಸುಬಿನವನಿಗೆ ಇರುವುದು ಒಂದೇ ತಕರಾರು:
ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು?
ಲಕ್ಷಗಟ್ಟಲೆ ಜನರ ಚಕ್ಕುಬಂದಿ ಇದು,
ಸಾಕ್ಷಿಗೆ ಎರಡು ಹೆಬ್ಬೆಟ್ಟೂ ಇಲ್ಲ.

ಮೂರು ಗಂಟೆ ಬಿಸಿಲಿಗೆ ಕೆಂಚಾಜಮ್ಮ ಬಂದಳು,
ಸೆರಗಿನ ಗಂಟಲ್ಲಿ ಓಟಿನ ಕಾರ್ಡು.
"ನಂದೂ ಒಂದು ತಕರಾರು ಬರಿ ಸ್ವಾಮಿ."
ಯಾವ ಕ್ಷೇತ್ರ ಬೇಕವ್ವ ಅಂದೆ.
"ಯಾವ್ದಾದ್ರೂ ಆಗ್ಲಿ. ಪಟ್ಟಿ ಹಳೇದೇ ಇರ್ಲಿ."
ಯಾಕೆ?
ಸುಮ್ಮನೆ ಕೂತಳು. ಕೊಪ್ಪದ ಬಸ್ಸು ಧೂಳೆಬ್ಬಿಸಿ ಹೋಯಿತು.

"ನಮ್ಮೆಜಮಾನ್ರು ಹೋಗಿ ಒಂಬತ್ತು ವರ್ಸ ಆಯ್ತು ಕನಪ್ಪ.
ರೇಸನ್ ಕಾರ್ಡಲ್ಲಿ ತೆಗುದ್ರು. ಪಾಣೀಲಿ ತೆಗುದ್ರು.
ಮಗ ಮೊಬೈಲಲ್ಲಿ ಅವ್ರ ನಂಬರೂ ತೆಗುದ.
ಓಟಿನ ಪಟ್ಟೀಲಿ ಯಾರೂ ತೆಗೀನಿಲ್ಲ.
ನಾನು ನಾನೂರ ಹನ್ನೊಂದು, ಅವ್ರು ನಾನೂರ ಹನ್ನೆರಡು.
ಪೋಟೋದಲ್ಲಿ ನುಣ್ಣಗೆ ಕ್ಷೌರ ಮಾಡುಸ್ಕೊಂಡು ಕೂತವ್ರೆ.
ಎಲೆಕ್ಷನ್ ದಿನ ಮೇಷ್ಟ್ರು ಸ್ಕೇಲಿಟ್ಟು
ನನ್ ಹೆಸ್ರಿಗೆ ಗೆರೆ ಎಳೀತಾರೆ,
ಕೆಳುಗ್ಲುದುಕ್ಕೆ ಎಳಿಯಕಿಲ್ಲ.
ಅಷ್ಟೊತ್ತೂ ನೋಡ್ತೀನಿ.
ಪಂಚಾಯ್ತಿದೂ ಸೇರುದ್ರೆ ಐದು ವರ್ಸುಕ್ಕೆ ಮೂರ್ನಾಕು ಕಿತ."

ಇದಕ್ಕೆ ಯಾವ ಕಾಯ್ದೆಯಲ್ಲೂ ಕಲಮು ಇಲ್ಲ.
ಇದ್ದದ್ದು ಇದ್ದಂತೆ ಬರೆದರೆ
ನಾಳೆಯೇ ಯಾರೋ ಬಂದು ಹೆಸರು ಹೊಡೆದಾರು;
ಇವಳ ಅರ್ಜಿಯೇ ಅವನ ಮರಣಪತ್ರ.
ಹೇಳಬೇಕೆಂದು ಬಾಯಿ ತೆರೆದವನು
"ತಡಿ, ಬರೀತೀನಿ" ಅಂದೆ.

"ಸದರಿ ಅರ್ಜಿದಾರಳ ಕುಟುಂಬದ ಮತದಾರರು ಇಬ್ಬರಿದ್ದು,
ಹಾಲಿ ಮತಗಟ್ಟೆಯಲ್ಲಿಯೇ, ಹಾಲಿ ಅನುಕ್ರಮದಲ್ಲಿಯೇ,
ಒಂದರ ಕೆಳಗೊಂದು ಮುಂದುವರಿಸತಕ್ಕದ್ದು."
ಮೂವತ್ತೊಂದು ವರ್ಷದಲ್ಲಿ ಬರೆದ ಮೊದಲ ಸುಳ್ಳು
ಅಂತೇನೂ ಅನ್ನಲಾರೆ.
ಕೈರೂಢಿ, ಚಕ್ಕುಬಂದಿಯನ್ನೂ ಹಾಕಿಬಿಟ್ಟಿದ್ದೆ:
ಮೇಲಕ್ಕೆ ವಾರಗಿತ್ತಿ ಹೊನ್ನಾಜಮ್ಮ,
ಕೆಳಕ್ಕೆ ಗಂಡ.
ಆಮೇಲೆ ಅದಷ್ಟನ್ನು ಹೊಡೆದುಹಾಕಿದೆ.

ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು
"ಎಷ್ಟಾಯ್ತು?" ಅಂದಳು.
ಎಂಬತ್ತು.
"ಇಬ್ರುದೂ ಸೇರಿಯಾ?"

ಹೂಂ ಅಂದೆ. ನೂರರ ನೋಟಿಗೆ ಇಪ್ಪತ್ತು ವಾಪಸು ಕೊಟ್ಟೆ.